ಮೋನೆ ತೋಟಕ್ಕೆ ಅಪ್ಪನ ಜೊತೆ ಮೂರು ದಿನ: ಯಾವ ಮ್ಯೂಸಿಯಂ ಇಟ್ಟುಕೊಳ್ಳಲಿ, ಯಾವುದು ಬಿಡಲಿ?

ಗದಗಿನವ

ಎಲ್ಲರಿಗೂ ನಮಸ್ಕಾರ. ನಾನು ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ ಕೆಲಸದಲ್ಲಿದ್ದೇನೆ. ಸೆಪ್ಟೆಂಬರ್‌ನಲ್ಲಿ ಅಪ್ಪ ಬರ್ತಿದ್ದಾರೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದು ರಿಟೈರ್ ಆದವರು. ಐಫೆಲ್ ಟವರ್ ಬಗ್ಗೆ ಇಲ್ಲಿವರೆಗೆ ಒಂದು ಮಾತೂ ಎತ್ತಿಲ್ಲ. ವೀಸಾ ಬಂತು ಅಂತ ಫೋನ್ ಮಾಡಿದರೆ ಮೊದಲ ಪ್ರಶ್ನೆಯೇ, "ಅಲ್ಲಿಂದ ಮೋನೆ ತೋಟ ಎಷ್ಟ ದೂರ ಆಗ್ತದ?"

ಭಾನುವಾರದಿಂದ ಮಂಗಳವಾರದವರೆಗೆ ಮೂರು ದಿನ ಪ್ಯಾರಿಸ್‌ಗೆ ಅಂತ ಇಟ್ಟುಕೊಂಡಿದ್ದೇನೆ. ಪಟ್ಟಿ ಹೀಗಿದೆ: ಜಿವೆರ್ನಿ ಊರಿನಲ್ಲಿ ಫ್ರೆಂಚ್ ಚಿತ್ರಕಾರ ಮೋನೆ ಬಾಳಿದ ಮನೆ, ತೋಟ; ಪ್ಯಾರಿಸ್‌ನಲ್ಲಿ ಒರಾಂಜರಿ, ಒರ್ಸೆ, ಮಾರ್ಮೊತ್ತಾಂ, ಲೂವ್ರ್ ಮ್ಯೂಸಿಯಂಗಳು; ಸಾಧ್ಯವಾದರೆ ಅವನು ಚಿತ್ರ ಬರೆದ ರುವಾಂ ಊರಿನ ಚರ್ಚು. ಜಾಸ್ತಿ ಆಯ್ತೇನೋ ಅಂತ ನನಗೂ ಅನಿಸ್ತಿದೆ, ಆದರೆ ಮತ್ತೆ ಯಾವಾಗ ಕರೆತರೋದಾಗುತ್ತೋ.

ಅಪ್ಪನಿಗೆ ಮೊಣಕಾಲು ನೋವು. ನಡೀತಾರೆ, ಮೆಟ್ಟಿಲು ಕಷ್ಟ. ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ತೋಟದಲ್ಲಿ ಕೂತು ಸ್ಕೆಚ್ ಮಾಡಲು ಬಿಡ್ತಾರಾ? ಆ ಮನೆಯಲ್ಲೇ ಮೂಲ ಚಿತ್ರಗಳು ಇವೆಯಾ? ಸೆಪ್ಟೆಂಬರ್ ಕೊನೆಗೆ ಹೂವು ಇರುತ್ತಾ, ಅಥವಾ ಬರೀ ಎಲೆ ನೋಡಿ ಬರಬೇಕಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಡೇರೆಹೂ

ನಿಮ್ಮ ತಂದೆಯವರ ಪ್ರಶ್ನೆ ಓದಿ ಖುಷಿಯಾಯಿತು. ಐಫೆಲ್ ಟವರ್ ಕೇಳದೆ ತೋಟ ಕೇಳುವ ಅಪ್ಪಂದಿರು ಅಪರೂಪ ಮಾರಾಯ್ರೆ. ನಾನು ಸಾಗರದ ಕಡೆಯವಳು, ಪ್ಯಾರಿಸ್ ಹೊರವಲಯದಲ್ಲಿ ಸಂಸಾರ. ಊರಿನಿಂದ ಯಾರೇ ಬಂದರೂ ಅವರನ್ನು ಜಿವೆರ್ನಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೇ ಬರುತ್ತದೆ. ಬೇಸರವಿಲ್ಲ, ನನಗೂ ಗಿಡದ ಹುಚ್ಚು.

ಮೊದಲು ಕಹಿ ಮಾತು: ಆ ಮನೆಯಲ್ಲಿ ಮೋನೆಯ ಮೂಲ ಚಿತ್ರ ಒಂದೂ ಸಿಗುವುದಿಲ್ಲ. ಅವನ ಹಳೆಯ ಸ್ಟುಡಿಯೋ ಕೋಣೆಯ ಗೋಡೆ ತುಂಬ ತೂಗುಹಾಕಿರುವುದೆಲ್ಲ ನಕಲು. ಮಗ ಮಿಷೆಲ್ 1966ರಲ್ಲಿ ತೀರಿಕೊಂಡಾಗ ಮನೆ, ತೋಟ ಫ್ರೆಂಚ್ ಕಲಾ ಅಕಾಡೆಮಿಗೆ ಹೋದವು, ಚಿತ್ರಗಳು ಮಾರ್ಮೊತ್ತಾಂ ಮ್ಯೂಸಿಯಂಗೆ ಹೋದವು. ಇದನ್ನು ತಂದೆಯವರಿಗೆ ಹೊರಡುವ ಮುಂಚೆಯೇ ಹೇಳಿಬಿಡಿ. ಇಲ್ಲದಿದ್ದರೆ ಡ್ರಾಯಿಂಗ್ ಮೇಷ್ಟ್ರು ಮೊದಲ ಕೋಣೆಯಲ್ಲೇ ಹತ್ತಿರ ಹೋಗಿ ಕುಂಚದ ಗುರುತು ಹುಡುಕಿ ಪೆಚ್ಚಾಗುತ್ತಾರೆ. ಮನೆಯಲ್ಲಿ ನೋಡಬೇಕಾದ ಸಂಗ್ರಹ ಅಂದರೆ ಜಪಾನಿ ಮರದಚ್ಚಿನ ಚಿತ್ರಗಳು. ಇನ್ನೂರಕ್ಕೂ ಹೆಚ್ಚು ಕೂಡಿಟ್ಟಿದ್ದ. ಹಳದಿ ಊಟದ ಕೋಣೆಯ ಗೋಡೆಯಲ್ಲಿ ಅವೇ. ಪಕ್ಕದಲ್ಲಿ ನೀಲಿ ಹೆಂಚು ಕೂರಿಸಿದ ಅಡುಗೆಮನೆ, ಸಾಲಾಗಿ ತೂಗುಹಾಕಿದ ತಾಮ್ರದ ಪಾತ್ರೆಗಳು. ಮಧ್ಯಾಹ್ನದ ಊಟ ಹನ್ನೊಂದೂವರೆಗೆ ಸರಿಯಾಗಿ ಆಗಬೇಕಿತ್ತಂತೆ. ಬೆಳಕು ಹಾಳಾಗಬಾರದಲ್ಲ.

ಮನೆಯೊಳಗೆ ಮಹಡಿ ಮೆಟ್ಟಿಲು ಕಿರಿದು, ಜನ ಹಿಂದಿನಿಂದ ಒತ್ತರಿಸಿಕೊಂಡು ಬರುತ್ತಾರೆ. ಮೊಣಕಾಲು ಕಾಪಾಡಬೇಕಾದ್ದು ಅಲ್ಲಿ. ತೋಟದಿಂದ ಕೊಳದ ಕಡೆಗೆ ಹೋಗಲು ರಸ್ತೆಯ ಕೆಳಗೆ ಸುರಂಗದ ದಾರಿ, ಅಲ್ಲೂ ಮೆಟ್ಟಿಲು ಇಳಿದು ಹತ್ತಬೇಕು. ನಡುವೆ ರಸ್ತೆ ಯಾಕೆ ಅಂದರೆ, ಮೋನೆ 1883ರಲ್ಲಿ ಬಾಡಿಗೆಗೆ ಬಂದಾಗ ಕೊಳ ಇರಲೇ ಇಲ್ಲ. 1890ರಲ್ಲಿ ಮನೆ ಕೊಂಡ. 1893ರಲ್ಲಿ ರಸ್ತೆ ಮತ್ತು ಆಗಿನ ರೈಲು ಹಳಿಯ ಆಚೆಗಿದ್ದ ತುಂಡು ನೆಲ ಕೊಂಡು, ಎಪ್ತ್ ನದಿಯ ಕವಲೊಂದರ ನೀರು ತಿರುಗಿಸಿಕೊಂಡು ಕೊಳ ಮಾಡಿದ. ಊರವರು ತಕರಾರು ತೆಗೆದರು: ಪರದೇಶದ ಗಿಡ ಹಾಕಿ ನೀರು ಕೆಡಿಸುತ್ತಾನೆ, ದನ ಕುಡಿದರೆ ಗತಿ ಏನು ಅಂತ. ನಮ್ಮೂರಲ್ಲಾದರೂ ಪಂಚಾಯ್ತಿಗೆ ಅರ್ಜಿ ಹೋಗುತ್ತಿತ್ತು ಬಿಡಿ.

ಆ ನೈದಿಲೆಗಳ ಕಥೆ ಯಾವ ಗೈಡೂ ಸರಿಯಾಗಿ ಹೇಳುವುದಿಲ್ಲ. ಯೂರೋಪಿನ ಚಳಿ ತಡೆಯುತ್ತಿದ್ದುದು ಮುಖ್ಯವಾಗಿ ಬಿಳಿ ನೈದಿಲೆ. ಫ್ರಾನ್ಸಿನ ನೈಋತ್ಯ ಭಾಗದಲ್ಲಿ ಲಾತೂರ್-ಮಾರ್ಲಿಯಾಕ್ ಅನ್ನುವ ನರ್ಸರಿಯವರು ಅದಕ್ಕೆ ಬೇರೆ ದೇಶದ ಬಣ್ಣದ ತಳಿ ಸಂಕರ ಮಾಡಿ ಗುಲಾಬಿ, ಹಳದಿ, ಕೆಂಪು ಹೂ ಬಿಡುವ, ಹಿಮಕ್ಕೂ ಸಾಯದ ತಳಿಗಳನ್ನು ತಂದರು. 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಅವನ್ನು ಇಟ್ಟಿದ್ದರು. ಮೋನೆ ಗಿಡ ತರಿಸಿಕೊಂಡದ್ದು ಅವರ ಹತ್ತಿರವೇ. ಅಂದರೆ ಚಿತ್ರದಲ್ಲಿ ನಾವು ನೋಡುವ ಗುಲಾಬಿ ಬಣ್ಣ ಆ ಕಾಲಕ್ಕೆ ಹೊಚ್ಚ ಹೊಸ ಮಾಲು! ಕೊಳಕ್ಕೇ ಅಂತ ಒಬ್ಬ ಮಾಲಿ ಇದ್ದ. ಬೆಳಿಗ್ಗೆ ದೋಣಿಯಲ್ಲಿ ಹೋಗಿ ಒಣಗಿದ ಎಲೆ ತೆಗೆದು, ಉಳಿದ ಎಲೆಗಳ ಮೇಲಿನ ಧೂಳು ತೊಳೆಯುವುದು ಅವನ ಕೆಲಸ. ಪಕ್ಕದ ಮಣ್ಣು ರಸ್ತೆಯಲ್ಲಿ ಮೋಟಾರು ಓಡಾಡಿ ಧೂಳು ಏಳುತ್ತದೆ ಅಂತ ಮೋನೆ ಕೈಯಿಂದ ದುಡ್ಡು ಹಾಕಿ ಟಾರು ಹಾಕಿಸಿದ್ದ. ಈಗಲೂ ದೋಣಿ ಇದೆ, ಬೆಳಿಗ್ಗೆ ಬೇಗ ಹೋದರೆ ಮಾಲಿಗಳ ಕೆಲಸ ಕಣ್ಣಿಗೆ ಬೀಳಬಹುದು.

ಸೆಪ್ಟೆಂಬರ್ ಕೊನೆಗೆ ಹೂವಿಗೆ ಏನೂ ಕಮ್ಮಿಯಿಲ್ಲ. ನೈದಿಲೆ ಆ ಹೊತ್ತಿಗೆ ಮುಗಿಯುತ್ತ ಬಂದಿರುತ್ತದೆ, ಅಲ್ಲೊಂದು ಇಲ್ಲೊಂದು. ಮೇ ತಿಂಗಳ ವಿಸ್ಟೀರಿಯಾ ಗೊಂಚಲು, ಐರಿಸ್ ಇವೆಲ್ಲ ಸಿಗುವುದಿಲ್ಲ. ಆದರೆ ಡೇರೆ! ನಾನು ಹೆಸರು ಇಟ್ಟುಕೊಂಡದ್ದೇ ಅದರದ್ದು. ಮಲೆನಾಡಿನಲ್ಲಿ ಮಳೆಗಾಲದ ಅಂಗಳದಲ್ಲಿ ಅಮ್ಮಂದಿರು ಗೆಡ್ಡೆ ಅದಲು ಬದಲು ಮಾಡಿಕೊಂಡು ಬೆಳೆಸುವ ಅದೇ ಹೂವು, ಇಲ್ಲಿ ಸೆಪ್ಟೆಂಬರ್‌ನಲ್ಲಿ ಆಳೆತ್ತರಕ್ಕೆ ನಿಂತಿರುತ್ತದೆ. ನಮ್ಮ ಅತ್ತೆ ಒಂದು ಕಡುಕೆಂಪು ಡೇರೆಯ ಮುಂದೆ ನಿಂತವರು ಅಲ್ಲಾಡಲೇ ಇಲ್ಲ. "ಈ ಬಣ್ಣದ್ದು ನಮ್ಮಲ್ಲಿ ಒಂದಿತ್ತು, ಗೆಡ್ಡೆ ಕೊಳೆತು ಹೋಯ್ತು" ಅಂತ ಫ್ರೆಂಚ್ ಮಾಲಿಗೆ ಕನ್ನಡದಲ್ಲೇ ಹೇಳಿದರು. ಅವನೂ ತಲೆಯಾಡಿಸಿದ. ಮನೆಯ ಎದುರಿನ ನಡುದಾರಿಯಲ್ಲಿ ನಸ್ಟರ್ಷಿಯಂ ಬಳ್ಳಿ ಎರಡೂ ಕಡೆಯಿಂದ ಹರಿದು ಬಂದು ದಾರಿಯನ್ನೇ ಮುಚ್ಚಿರುತ್ತದೆ. ಅದರ ಮೇಲೆ ನಡೆಯಲು ಬಿಡುವುದಿಲ್ಲ, ಪಕ್ಕದ ಸಣ್ಣ ದಾರಿಗಳಿಂದ ನೋಡಬೇಕು.

ಅಂದ ಹಾಗೆ, ನೀವು ನೋಡುವ ತೋಟ ಮೋನೆ ಕಾಲದಿಂದ ಹಾಗೇ ಉಳಿದು ಬಂದದ್ದಲ್ಲ. ಎರಡನೇ ಮಹಾಯುದ್ಧದ ನಂತರ ಪಾಳು ಬಿದ್ದಿತ್ತು. 1970ರ ದಶಕದ ಕೊನೆಯಲ್ಲಿ ಜೆರಾಲ್ಡ್ ವಾನ್ ಡೆರ್ ಕೆಂಪ್ ಅನ್ನುವವರು ಕೈಹಾಕಿ ಮತ್ತೆ ಕಟ್ಟಿದರು, 1980ರಲ್ಲಿ ಜನರಿಗೆ ತೆರೆದರು. ಕೆಲವರು ಇದನ್ನೇ ಹಿಡಿದುಕೊಂಡು "ಅಸಲಿ ಅಲ್ಲ" ಅಂತ ಮೂಗು ಮುರಿಯುತ್ತಾರೆ. ಯಾವ ತೋಟವಾದರೂ ನೂರು ವರ್ಷ ಅದೇ ಗಿಡ ಇಟ್ಟುಕೊಂಡಿರುತ್ತದೆಯೇ?

ಸ್ಕೆಚ್: ಸ್ಟ್ಯಾಂಡು ಹೂಡುವ ಆಸೆ ಬೇಡ, ಕೊಳದ ಸುತ್ತಿನ ದಾರಿ ಕಿರಿದು. ತೊಡೆಯ ಮೇಲೆ ಸಣ್ಣ ಪುಸ್ತಕ ಇಟ್ಟುಕೊಂಡು ಬೆಂಚಿನಲ್ಲಿ ಗೀಚುವವರನ್ನು ಬೇಕಾದಷ್ಟು ನೋಡಿದ್ದೇನೆ. ಜಪಾನಿ ಸೇತುವೆಯ ಮೇಲೆ ಸೆಲ್ಫಿ ಜಾತ್ರೆ, ಅಲ್ಲಿ ನಿಲ್ಲಬೇಡಿ. ಎದುರು ದಡದ ಬಿದಿರು ಮೆಳೆ, ವಿಲ್ಲೋ ಮರಗಳ ಕಡೆಗೆ ಹೋಗಿ ಕೂರಿಸಿ.

ಇನ್ನು ನಿಮ್ಮ ಪಟ್ಟಿ. ಲೂವ್ರ್ ತೆಗೆದುಬಿಡಿ, ಮೊಣಕಾಲಿಗೆ ಅದೊಂದು ಶಿಕ್ಷೆ. ರುವಾಂ ಕೂಡ ಬೇಡ. ಮಾರ್ಮೊತ್ತಾಂ ಸಮಯ ಉಳಿದರೆ. ತೋಟ, ಒರಾಂಜರಿ, ಒರ್ಸೆ, ಇಷ್ಟೇ ಸಾಕು. ಆದರೆ ನಿಮ್ಮ ದಿನಗಳು ಸರಿ ಇಲ್ಲ. ಒರ್ಸೆ, ಮಾರ್ಮೊತ್ತಾಂ ಎರಡಕ್ಕೂ ಸೋಮವಾರ ರಜೆ. ಒರಾಂಜರಿಗೆ ಮಂಗಳವಾರ ರಜೆ. ತೋಟ ಏಪ್ರಿಲ್ 1ರಿಂದ ನವೆಂಬರ್ 1ರವರೆಗೆ ವಾರದ ಎಲ್ಲ ದಿನವೂ ತೆರೆದಿರುತ್ತದೆ, ಆದರೆ ಭಾನುವಾರ ಪ್ಯಾರಿಸ್ಸೇ ಅಲ್ಲಿಗೆ ಬಂದಿರುತ್ತದೆ. ಒಂದು ದಿನ ಮುಂದಕ್ಕೆ ಹಾಕಿ, ಸೋಮವಾರದಿಂದ ಬುಧವಾರ ಮಾಡಿಕೊಳ್ಳಿ.

ಸೋಮವಾರ ಪ್ಯಾರಿಸ್ ನಾರ್ ಸ್ಟೇಷನ್ನಿನಲ್ಲಿ ಇಳಿದು ನೇರ ತೋಟಕ್ಕೆ ಹತ್ತಿರದ ಊರು ವೆರ್ನೋನ್‌ಗೆ ಹೋಗಿ. ನಾರ್ ಸ್ಟೇಷನ್ನಿಗೆ ಅಂಟಿಕೊಂಡ ಮಜೆಂತಾ ನಿಲ್ದಾಣದಿಂದ ಆರ್‌ಇಆರ್ ಇ ಅನ್ನುವ ಲೋಕಲ್ ರೈಲು ಹತ್ತಿದರೆ ಮುಂದಿನ ನಿಲ್ದಾಣವೇ ಸಾಂ ಲಜಾರ್. ಮೋನೆ 1877ರಲ್ಲಿ ಹೊಗೆ, ಉಗಿ, ಗಾಜಿನ ಚಾವಣಿ ಸಮೇತ ಬರೆದ ಸ್ಟೇಷನ್ ಇದೇ, ರೈಲು ಹತ್ತುವ ಮುಂಚೆ ತಂದೆಯವರಿಗೆ ತಲೆ ಎತ್ತಿ ನೋಡಲು ಹೇಳಿ. ಅದರ ಒಂದು ಚಿತ್ರ ಒರ್ಸೆಯಲ್ಲಿ ಬುಧವಾರ ಸಿಗುತ್ತದೆ. ಸಾಂ ಲಜಾರ್‌ನಿಂದ ವೆರ್ನೋನ್‌ಗೆ ರೈಲಿನಲ್ಲಿ ಸುಮಾರು ಮುಕ್ಕಾಲರಿಂದ ಒಂದು ಗಂಟೆ. ರುವಾಂ ಕಡೆ ಹೋಗುವ ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ, ನೋಡಿ ಹತ್ತಿ. ರಾತ್ರಿ ಅಲ್ಲೇ ತಂಗಿ. ಸಂಜೆ ಸೆನ್ ನದಿ ದಡಕ್ಕೆ ಹೋದರೆ ಮುರಿದ ಹಳೆ ಸೇತುವೆಯ ಮೇಲೆ ಕೂತಿರುವ ಗಿರಣಿ ಮನೆ ಕಾಣುತ್ತದೆ. ಮೇಷ್ಟ್ರಿಗೆ ಸ್ಕೆಚ್ಚಿಗೆ ಒಳ್ಳೆಯ ವಸ್ತು, ಜನವೂ ಇರುವುದಿಲ್ಲ.

ಮಂಗಳವಾರ ಒಂಬತ್ತೂವರೆಗೆ ಬಾಗಿಲು ತೆರೆಯುವಾಗಲೇ ತೋಟದಲ್ಲಿರಿ. ವೆರ್ನೋನ್‌ನಿಂದ ಐದು ಕಿಲೋಮೀಟರ್, ಸ್ಟೇಷನ್ನಿನಿಂದ ಬಸ್ಸು ಇದೆ. ಅದು ರೈಲಿನ ಹೊತ್ತಿಗೆ ಹೊರಡುವಂಥದ್ದು, ಹಾಗಾಗಿ ಬೆಳಿಗ್ಗೆ ಟ್ಯಾಕ್ಸಿ ಹೇಳಿಟ್ಟರೆ ನಿಶ್ಚಿಂತೆ. ಟಿಕೆಟ್ ಮೊದಲೇ ಆನ್‌ಲೈನಿನಲ್ಲಿ ತೆಗೆದಿಡಿ. ಒಳಗೆ ಹೋದವರೇ ಮನೆ, ಹೂವು ಎಲ್ಲ ಬಿಟ್ಟು ಮೊದಲು ಕೊಳಕ್ಕೆ ನಡೆಯಿರಿ. ಹತ್ತೂವರೆಗೆಲ್ಲ ಪ್ಯಾರಿಸ್ಸಿನ ಟೂರಿಸ್ಟ್ ಬಸ್ಸುಗಳು ಬಂದು ಬೀಳುತ್ತವೆ. ಬುತ್ತಿ ಕಟ್ಟಿಕೊಳ್ಳಿ, ಚಪಾತಿ ಪಲ್ಯವೇ ಕ್ಷೇಮ. ತೋಟದೊಳಗೆ ತಿನ್ನಲು ಬಿಡುವುದಿಲ್ಲ, ಊರ ಬೀದಿಯಲ್ಲಿ ಕೂರಲು ಜಾಗ ಸಿಗುತ್ತದೆ. ಅದೇ ಬೀದಿಯಲ್ಲಿ ಇಂಪ್ರೆಷನಿಸಂ (ಮೋನೆಯ ಚಿತ್ರಪಂಥ) ಮ್ಯೂಸಿಯಂ ಇದೆ, ಹೆಚ್ಚಾಗಿ ತಾತ್ಕಾಲಿಕ ಪ್ರದರ್ಶನಗಳು. ಆಗ ಏನು ನಡೆಯುತ್ತಿದೆ ನೋಡಿಕೊಂಡು ಟಿಕೆಟ್ ತೆಗೆಯಿರಿ. ಬೀದಿಯ ಕೊನೆಯ ಚರ್ಚಿನ ಅಂಗಳದಲ್ಲಿ ಮೋನೆಯ ಸಮಾಧಿ.

ಬುಧವಾರ ಬೆಳಿಗ್ಗೆ ಒರಾಂಜರಿ, ಆಮೇಲೆ ಕಾಲು ಒಪ್ಪಿದರೆ ಕಾಲುಸೇತುವೆ ದಾಟಿ ಒರ್ಸೆ.

ಸಾಧನಕೇರಿ

ಡೇರೆಹೂ ಅವ್ರು ಹೇಳಿದ್ದೆಲ್ಲಾ ಖರೆ, ಒಂದ ಮಾತಿಗೆ ಮಾತ್ರ ನನ್ನ ತಕರಾರ ಅದ. ಒರಾಂಜರಿ ಮೊದಲ ನೋಡ್ಬೇಕ್ರೀ, ತ್ವಾಟ ಆಮ್ಯಾಲೆ. ಎರಡ ಮೊಟ್ಟಿ ಆಕಾರದ ಕ್ವಾಣಿ, ಗ್ವಾಡಿ ಉದ್ದಕ್ಕೂ ನೀರs ನೀರು. ಅವನ ನೈದಿಲಿ ಕೊಳದ ಎಂಟು ಚಿತ್ರ, ಎರಡ ಮೀಟರ್ ಎತ್ತರ, ಎಲ್ಲಾ ಕೂಡಿಸಿದ್ರ ತೊಂಬತ್ತ ಮೀಟರ್ ಮ್ಯಾಲೆ ಆಗ್ತದ. ಅದನ್ನ ನೋಡಿ ಹೋದ್ರ ಕೊಳದ ಮುಂದ ನಿಂತಾಗ, ಈ ಸಣ್ಣ ಹೊಂಡದಾಗ ಇಂವಾ ಅಷ್ಟೆಲ್ಲಾ ಹ್ಯಾಂಗ ಕಂಡಾ ಅಂತ ಗೊತ್ತಾಗ್ತದ. ಕೊಳ ಮೊದಲ ನೋಡಿದ್ರ, ಆಮ್ಯಾಲೆ ಚಿತ್ರದಾಗ ಬರೇ "ಆ ಗಿಡ ಅಲ್ಲಿತ್ತು, ಈ ಸೇತುವೆ ಇಲ್ಲಿತ್ತು" ಅಂತ ಹುಡುಕೋದ ಆಗ್ತದ. ನನಗ ಹಂಗs ಆಗಿತ್ತು.

ಇನ್ನೊಂದು, ಮಾಸ್ತರ್ರನ್ನ ರುವಾಂ ತಪ್ಪಿಸಬ್ಯಾಡ್ರಿ. ಒಂದs ಚರ್ಚಿನ ಮಾರೀನ ಮೂವತ್ತ ಸಲ ಬರದಾನ ಆ ಪುಣ್ಯಾತ್ಮ, ಮುಂಜಾನಿ ಒಂದು, ಮಧ್ಯಾಹ್ನ ಒಂದು, ಮಂಜಿನಾಗೊಂದು. ವೆರ್ನೋನಿನಿಂದ ಅದs ರೈಲು ಮುಂದ ಹೋಗ್ತದ.

ಡೇರೆಹೂ

ಸಾಧನಕೇರಿಯವರೇ, ವಾದ ಚೆನ್ನಾಗಿದೆ, ಒಪ್ಪುವುದಿಲ್ಲ. ಗಿಡ ಹುಡುಕುವ ಚಟ ನಿಮಗೆ ಇರಬಹುದು, ಮೇಷ್ಟ್ರಿಗೆ ಇರಲಿಕ್ಕಿಲ್ಲ. ತೋಟದಲ್ಲಿ ಒಂದು ಬೆಳಗ್ಗೆ ಕೂತು ನೀರಿನಲ್ಲಿ ಮೋಡ ಹೇಗೆ ಓಡುತ್ತದೆ ಅಂತ ನೋಡಿದವರಿಗೆ ಒರಾಂಜರಿಯಲ್ಲಿ ಯಾವುದು ಮೇಲೆ ಯಾವುದು ಕೆಳಗೆ ಅನ್ನುವ ಗೊಂದಲ ಬರುವುದಿಲ್ಲ. ದಡವೇ ಇಲ್ಲದ ಚಿತ್ರಗಳವು. ತೋಟ ನೋಡದೆ ಬಂದ ನನ್ನ ತಮ್ಮ ಐದು ನಿಮಿಷದಲ್ಲಿ ಹೊರಗೆ ಬಂದು ಫೋನ್ ನೋಡುತ್ತ ನಿಂತಿದ್ದ.

ಅಲ್ಲಿ ಒಂದು ವಿಷಯ ಗಮನಿಸಿ. ಆ ಕೋಣೆಗಳಿಗೆ ಬೆಳಕು ಮೇಲಿನಿಂದ, ಚಾವಣಿಗೆ ಕಟ್ಟಿದ ತೆಳು ಬಟ್ಟೆಯಿಂದ ಸೋಸಿ ಬರುತ್ತದೆ. ಮೋನೆ ಕೇಳಿದ್ದೇ ಹಗಲು ಬೆಳಕನ್ನು. 1960ರ ದಶಕದಲ್ಲಿ ಮೇಲೆ ಇನ್ನೊಂದು ಅಂತಸ್ತು ಕಟ್ಟಿ ಬೆಳಕನ್ನೇ ಮುಚ್ಚಿಬಿಟ್ಟಿದ್ದರು. ಅದನ್ನು ಒಡೆದು 2006ರಲ್ಲಿ ಮತ್ತೆ ತೆರೆದರು. ಹಾಗಾಗಿ ಹೊರಗೆ ಮೋಡ ಸರಿದರೆ ಒಳಗೆ ಚಿತ್ರದ ಬಣ್ಣ ಬದಲಾಗುತ್ತದೆ. ನಾನು ಕೂತಿದ್ದಾಗ ಒಮ್ಮೆ ನೇರಳೆಯಂತೆ ಕಾಣುತ್ತಿದ್ದ ಒಂದು ತೇಪೆ, ಬಿಸಿಲು ಬಂದ ಕೂಡಲೇ ಹಸಿರಿನ ಕಡೆಗೆ ಜಾರಿತು. ಎದ್ದು ಹತ್ತಿರ ಹೋಗಿ ನೋಡಿದೆ: ಎರಡೂ ಬಣ್ಣ ಅಲ್ಲೇ ಇದ್ದವು, ಒಂದರ ಮೇಲೊಂದು ಒರಟಾಗಿ ಎಳೆದ ಗೆರೆಗಳು, ಕೆಳಗಿನ ಬಣ್ಣ ಒಣಗಿದ ಮೇಲೆ ಹಚ್ಚಿದ್ದು. ಇದನ್ನು ಡ್ರಾಯಿಂಗ್ ಮೇಷ್ಟ್ರು ನನಗಿಂತ ಬೇಗ ಕಂಡುಹಿಡಿಯುತ್ತಾರೆ. ನಡುವೆ ಬೆಂಚು ಇದೆ, ಕೂರಿಸಿ, ಅವಸರ ಮಾಡಬೇಡಿ.

ರುವಾಂ ಚರ್ಚಿನ ಚಿತ್ರಗಳಲ್ಲಿ ಐದು ಒರ್ಸೆಯಲ್ಲೇ ಇವೆ. ಚರ್ಚು ನೋಡಲು ಇನ್ನೊಂದು ರೈಲು ಪ್ರಯಾಣ ಯಾಕೆ? ಧಾರವಾಡದವರಿಗೆ ಕಾಲು ಗಟ್ಟಿ ಇರಬಹುದು!

ಗದಗಿನವ

ತುಂಬಾ ಧನ್ಯವಾದ. ರಜೆ ಬದಲಾಯಿಸಿದೆ, ಸೋಮವಾರದಿಂದ ಬುಧವಾರ ಆಯ್ತು. ವೆರ್ನೋನ್‌ನಲ್ಲಿ ಸ್ಟೇಷನ್ ಹತ್ತಿರವೇ ರೂಮ್ ಸಿಕ್ಕಿದೆ.

ನಿಮ್ಮ ಉತ್ತರಗಳನ್ನು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಮೂಲ ಚಿತ್ರ ಮನೆಯಲ್ಲಿಲ್ಲ ಅಂದಿದ್ದಕ್ಕೆ ಏನೂ ಅನ್ನಲಿಲ್ಲ, "ಇರೂದಿಲ್ಲ ಬಿಡು, ಗಿಡ ಅವ ಅಲ್ಲ" ಅಂದರು. ಆದರೆ ಇನ್ನೊಂದು ಕೇಳಿದರು. ಅಪ್ಪನಿಗೆ ಹೋದ ವರ್ಷ ಕಣ್ಣಿನ ಪೊರೆ ಆಪರೇಷನ್ ಆಗಿದೆ. ಆಪರೇಷನ್ ಆದ ಮೇಲೆ ಬಿಳಿ ಗೋಡೆ ನೀಲಿಯಾಗಿ ಕಾಣ್ತದ ಅಂತ ಒಂದಷ್ಟು ದಿನ ಹೇಳ್ತಿದ್ದರು. ಮೋನೆಗೂ ಪೊರೆ ಇತ್ತಂತೆ, ಆಗ ಬರೆದ ಚಿತ್ರ ಎಲ್ಲಿವೆ, ಅವನ್ನು ನೋಡಬೇಕು ಅಂತಿದ್ದಾರೆ. ಒರಾಂಜರಿಯಲ್ಲಿ ಇವೆಯಾ?

ಡೇರೆಹೂ

ಅಯ್ಯೋ, ಇದನ್ನು ಮೊದಲೇ ಹೇಳಬಾರದಿತ್ತೇ! ಹಾಗಾದರೆ ಬುಧವಾರದ ಲೆಕ್ಕವೇ ಬೇರೆ. ಒರ್ಸೆ ಬಿಡಿ, ಮಾರ್ಮೊತ್ತಾಂ ಹಿಡಿಯಿರಿ.

ಮೋನೆಗೆ ಪೊರೆ ಇದೆ ಅಂತ 1912ರಲ್ಲಿ ಡಾಕ್ಟರು ಹೇಳಿದರು. ಆಪರೇಷನ್ ಅಂದರೆ ಹೆದರಿಕೆ, ವರ್ಷಗಟ್ಟಲೆ ಮುಂದೂಡಿದ. ಅವನ ಗೆಳೆಯ ಕ್ಲೆಮಾಂಸೋ, ಮೊದಲ ಮಹಾಯುದ್ಧದ ಕಾಲದ ಫ್ರಾನ್ಸ್ ಪ್ರಧಾನಿ, ಸ್ವತಃ ಡಾಕ್ಟರ್ ಓದಿದವನು. ಅವನು ಬೆನ್ನು ಹತ್ತಿ ಒಪ್ಪಿಸಿದ ಮೇಲೆ 1923ರಲ್ಲಿ ಬಲಗಣ್ಣಿನ ಆಪರೇಷನ್ ಆಯಿತು. ಆಗ ಕಣ್ಣಿಗೆ ಲೆನ್ಸ್ ಕೂರಿಸುವ ಪದ್ಧತಿ ಇರಲಿಲ್ಲ, ಪೊರೆಗಟ್ಟಿದ್ದನ್ನು ತೆಗೆದು ದಪ್ಪ ಕನ್ನಡಕ ಕೊಡುತ್ತಿದ್ದರು. ಆಮೇಲೆ ಎಲ್ಲ ನೀಲಿ ಕಾಣುತ್ತದೆ ಅಂತ ಅವನದೂ ಗೋಳು! ಪೊರೆ ಕಣ್ಣಿಗೆ ಹಳದಿ ಗಾಜು ಹಿಡಿದ ಹಾಗೆ, ನೀಲಿ ಬೆಳಕನ್ನು ತಡೆದಿರುತ್ತದೆ. ತೆಗೆದ ಕೂಡಲೇ ನೀಲಿ ಒಮ್ಮೆಗೇ ನುಗ್ಗುತ್ತದೆ. ನಿಮ್ಮ ತಂದೆಯವರು ಹೇಳಿದ್ದು ಅದೇ.

ಪೊರೆ ಬಲಿತಿದ್ದ ಕಾಲದ ಜಪಾನಿ ಸೇತುವೆಯ ಚಿತ್ರಗಳು ಮಾರ್ಮೊತ್ತಾಂ ನೆಲಮಾಳಿಗೆಯಲ್ಲಿವೆ. ಸೇತುವೆ ಅಂತ ಹೇಳಿದರೆ ಮಾತ್ರ ಸೇತುವೆ. ಕೆಂಪು, ಕಂದು, ಕಿತ್ತಳೆ ಬಣ್ಣ ಬೆಂಕಿ ಹತ್ತಿದಂತೆ, ಬಣ್ಣದ ಗಟ್ಟಿ ಎದ್ದು ನಿಂತಿರುತ್ತದೆ. ಟ್ಯೂಬಿನ ಮೇಲಿನ ಹೆಸರು ನೋಡಿ ಬಣ್ಣ ಆರಿಸುತ್ತಿದ್ದನಂತೆ. ಹಿಂದಿನ ದಿನವಷ್ಟೇ ಅದೇ ಹಸಿರು ಸೇತುವೆ ಕಣ್ಣಾರೆ ನೋಡಿ ಬಂದವರು ಇದರ ಮುಂದೆ ನಿಲ್ಲಬೇಕು. ಸಾಧನಕೇರಿಯವರೇ, ತೋಟ ಮೊದಲು ಅನ್ನುವುದಕ್ಕೆ ಇದೂ ಒಂದು ಕಾರಣ, ಬರೆದಿಟ್ಟುಕೊಳ್ಳಿ.

ಮೆಟ್ರೋ 9ರಲ್ಲಿ ಲಾ ಮುಯೆತ್ ನಿಲ್ದಾಣ, ಅಲ್ಲಿಂದ ಪಾರ್ಕಿನೊಳಗೆ ಸ್ವಲ್ಪ ನಡಿಗೆ. ಮೆಟ್ರೋ ಮೆಟ್ಟಿಲು ಬೇಡವೆಂದರೆ ಒರಾಂಜರಿಯಿಂದ ಟ್ಯಾಕ್ಸಿ ಮಾಡಿ. 1872ರ "ಇಂಪ್ರೆಷನ್, ಸೂರ್ಯೋದಯ" ಚಿತ್ರದ ಮನೆಯೂ ಅದೇ. ಇಡೀ ಪಂಥಕ್ಕೆ ಹೆಸರು ಕೊಟ್ಟ ಚಿತ್ರ. ಒಮ್ಮೊಮ್ಮೆ ಬೇರೆ ಊರಿಗೆ ಪ್ರದರ್ಶನಕ್ಕೆ ಹೋಗಿರುತ್ತದೆ, ಹೋಗುವ ಮುಂಚೆ ವೆಬ್‌ಸೈಟ್ ನೋಡಿ. 1985ರಲ್ಲಿ ಪಿಸ್ತೂಲು ತೋರಿಸಿ ಕದ್ದಿದ್ದರು, 1990ರಲ್ಲಿ ವಾಪಸ್ ಸಿಕ್ಕಿತು.

ಸಾಧನಕೇರಿ

ಪೊರಿ ವಿಷಯಕ್ಕ ನಾ ಸೋತೆ. ಆದ್ರ ವೆರ್ನೋನ್‌ನಾಗ ಮುಕ್ಕಾಮ ಮಾಡಾವ್ರು ಆ ಊರಿನ ಮ್ಯೂಸಿಯಂ ಬಿಟ್ಟ ಬರಬ್ಯಾಡ್ರಿ, ಯಾರೂ ಹೇಳೇ ಇಲ್ಲ ಇಲ್ಲೆ. ಸಣ್ಣದು, ಗದ್ದಲಿಲ್ಲ. ಮೋನೆ 1908ರಾಗ ಬರದ ಗುಂಡಗಿನ ನೈದಿಲಿ ಚಿತ್ರ ಅಲ್ಲದ, ಅವನs ಕೊಟ್ಟಿದ್ದು. ಮೂಲ ಚಿತ್ರ, ನಕಲಲ್ಲ! ಆ ಮ್ಯೂಸಿಯಂಗೆ ಈಗ ಬ್ಲಾಂಶ್ ಓಶೆದೆ-ಮೋನೆ ಹೆಸರು. ಆಕಿ ಅವನ ಎರಡನೇ ಹೆಂಡ್ತಿ ಮಗಳು, ಮುಂದ ಅವನ ಮಗನ್ನs ಮದಿವಿ ಆಗಿ ಸೊಸೀನೂ ಆದಾಕಿ. ಚಲೋ ಚಿತ್ರ ಬರೀತಿದ್ಲು. ಮುದುಕನ್ನ ಕಡೀತನಕ ನೋಡ್ಕೊಂಡಾಕಿ ಆಕೀನs. ಆಕಿ ಚಿತ್ರಾನೂ ಅಲ್ಲೆ ಅವ.

ತೋಟದಿಂದ ಮಂಗಳವಾರ ಮಧ್ಯಾಹ್ನ ವಾಪಸ್ ಬಂದಾಗ ರೈಲಿಗೆ ಮೊದಲ ಒಂದ ತಾಸು ಇಟ್ಕೊರಿ. ತೆರೆಯೋ ವ್ಯಾಳ್ಯಾ ಮಾತ್ರ ಮೊದಲs ನೋಡ್ಕೊಂಡಿರ್ರಿ.

ಡೇರೆಹೂ

ಇದು ಒಳ್ಳೆಯ ಮಾತು, ಒಪ್ಪಿದೆ. ಹೋಟೆಲಿನಲ್ಲಿ ಸಾಮಾನು ಇಟ್ಟು ತೋಟಕ್ಕೆ ಹೋಗಿ, ವಾಪಸ್ ಬರುವಾಗ ಮ್ಯೂಸಿಯಂ ಮುಗಿಸಿ ತೆಗೆದುಕೊಂಡರಾಯಿತು.

ಗದಗಿನವರೇ, ಕೊನೆಗೆ ಎರಡು ಮಾತು. ಮ್ಯೂಸಿಯಂ ಒಳಗೆ ಸ್ಕೆಚ್ಚಿಗೆ ಪೆನ್ಸಿಲ್ ಮಾತ್ರ, ಇಂಕು, ವಾಟರ್ ಕಲರ್ ತೆಗೆಯಬೇಡಿ ಅಂತ ಹೇಳಿ. ಮತ್ತೆ, ಮಳೆ ಬಂದರೆ ತೋಟ ರದ್ದು ಮಾಡಬೇಡಿ. ತುಂತುರು ಬಿದ್ದ ದಿನ ಜನ ಅರ್ಧಕ್ಕರ್ಧ ಕಮ್ಮಿ, ಡೇರೆ ಬಣ್ಣ ಎರಡು ಪಟ್ಟು. ಜಲ್ಲಿ ದಾರಿ ಒದ್ದೆಯಾದರೆ ಚಪ್ಪಲಿ ಆಗುವುದಿಲ್ಲ, ಮೇಷ್ಟ್ರಿಗೆ ಹಿಡಿತ ಇರುವ ಶೂ ಊರಲ್ಲೇ ಕೊಡಿಸಿ, ನಾಲ್ಕು ದಿನ ಹಾಕಿ ಓಡಾಡಿ ರೂಢಿ ಮಾಡಿಕೊಳ್ಳಲಿ.

ಗದಗಿನವ

ಶೂ ಮಾತು ಅಪ್ಪನಿಗೆ ಹೇಳಿದೆ. "ಮೊದಲು ಸ್ಕೆಚ್ ಪುಸ್ತಕ ತಗೋತೀನಿ, ಶೂ ಆಮ್ಯಾಲೆ" ಅಂದರು. ಅಮ್ಮನಿಗೆ ಹೇಳಿ ಶೂ ಕೊಡಿಸ್ತೀನಿ. ಮಾರ್ಮೊತ್ತಾಂ ಟಿಕೆಟ್ ಬುಕ್ ಆಯ್ತು, ಮಧ್ಯಾಹ್ನ ಎರಡು ಗಂಟೆಗೆ.